ಬೇಲಿ ಭಾಳ ಚೆನ್ನಾಗೈತೆ

ಬೋರಯ್ಯ ತನ್ನ ಅರವತ್ತು ಚಿಲ್ಲರೆ ವರ್ಷದ ಬದುಕಿನಲ್ಲಿ ಯಾರ ಹತ್ತಿರವೂ ಯಾವುದನ್ನೂ ಬಾಯಿಬಿಟ್ಟು ಕೇಳಿದವನಲ್ಲ. ಅದು ಅವನ ದೊಡ್ಡ ಹೆಮ್ಮೆ. ಕೇಳದೆ ಕೆಲಸ ಹೇಗಾಗುತ್ತದಪ್ಪ ಅಂತ ನೀವು ಅಂದಿರೋ, ಅವನ ಲೆಕ್ಕದಲ್ಲಿ ನೀವೂ ದಡ್ಡರ ಸಾಲಿಗೆ ಸೇರಿದಿರಿ. ಸಿಂಧಘಟ್ಟದ ಸುತ್ತಮುತ್ತ ಅದಕ್ಕೊಂದು ಕ್ರಮವಿದೆ. ಏನಾದರೂ ಬೇಕಾದರೆ ಆ ಮನೆಗೆ ಹೋಗಬೇಕು, ಜಗಲಿಯ ಮೇಲೆ ಕೂರಬೇಕು, ಮಳೆ, ಬೆಳೆ, ಹಸುವಿನ ಕಾಯಿಲೆ, ಯಾರದೋ ಮಗಳ ಮದುವೆ ಎಲ್ಲ ಮಾತಾಡಬೇಕು, ಬೇಕಾದ್ದೊಂದನ್ನು ಬಿಟ್ಟು. ಮನೆಯವನು ಮನುಷ್ಯನಾಗಿದ್ದರೆ ತಾನೇ ತಿಳಿದುಕೊಂಡು, "ಅಲ್ಲ ಬೋರಣ್ಣ, ಬಿತ್ನೆ ಭತ್ತ ಏನಾರ ಬೇಕಾಗಿತ್ತಾ?" ಅನ್ನುತ್ತಾನೆ. ಇವನು "ಏ ಬುಡು, ಎಲ್ಲಾರ ಸಿಗ್ತದೆ" ಅನ್ನಬೇಕು. ಅವನು ಬಲವಂತ ಮಾಡಬೇಕು. ಇವನು ಅವನಿಗೇ ಉಪಕಾರ ಮಾಡುವವನ ಹಾಗೆ ಮೂಟೆ ಹೊತ್ತುಕೊಂಡು ಬರಬೇಕು. ಬೋರಯ್ಯ ಮಗಳು ಶ್ವೇತಳಿಗೆ ಬೆಳಗೊಳದ ಗಂಡು ಗೊತ್ತುಮಾಡಿದ್ದೂ ಹೀಗೇ. ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಅಣೆಕಟ್ಟೆಯಲ್ಲಿ ಎಷ್ಟು ನೀರಿದೆ ಅನ್ನೋದನ್ನೇ ಮಾತಾಡಿ, ಎದ್ದು ಬರ್ತೀನಿ ಅಂದು ಚಪ್ಪಲಿ ಮೆಟ್ಟುವಾಗ, ಗಂಡಿನ ಅಪ್ಪನೇ "ಅಂಗಾದ್ರೆ ವೀಳ್ಯಶಾಸ್ತ್ರ ಯಾವಾಗ ಇಟ್ಕಳಣ?" ಅಂದ. ಆ ಕಥೆಯನ್ನು ಬೋರಯ್ಯ ಇವತ್ತಿಗೂ ಹೇಳುತ್ತಾನೆ, ಕೇಳುವವರು ಆಕಳಿಸಿದರೂ ಬಿಡುವುದಿಲ್ಲ.

ಇಂಥ ಮಾತಿನ ಮಲ್ಲನ ಪಕ್ಕದ ಗದ್ದೆಗೆ ಬಂದು ಸೇರಿಕೊಂಡವನು ಶಿವಶಂಕರ್. ಧಾರವಾಡ ಕಡೆಯವನು, ಬ್ಯಾಂಕ್ ಮ್ಯಾನೇಜರ್ ಆಗಿ ರಿಟೈರಾದವನು, ಹೆಂಡತಿ ತೀರಿಕೊಂಡಿದ್ದಳು. ಕೊನೆಯ ಪೋಸ್ಟಿಂಗು ಕೆ.ಆರ್. ಪೇಟೆಯಲ್ಲಿ ಆಗಿತ್ತಂತೆ, ನಾಲೆ ನೀರು ಕಂಡು ಮನಸ್ಸು ಸೋತಿತಂತೆ. ಪೇಟೆಯಲ್ಲಿ ಚಿನ್ನದ ಕೆಲಸ ಮಾಡುವ ಪುಟ್ಟಸ್ವಾಮಿಯ ಹತ್ತಿರ ಗದ್ದೆ ಕೊಂಡುಕೊಂಡು, ಅದರಲ್ಲೊಂದು ಸಣ್ಣ ಮನೆ ಕಟ್ಟಿಸಿ, ಮುಂದೆ ವರಾಂಡ ಹಾಕಿಸಿ, ಸುತ್ತಲೂ ಕಲ್ಲುಕಂಬ ನೆಟ್ಟು ಮುಳ್ಳುತಂತಿ ಎಳೆಸಿದ. ಅಲ್ಲಿಗೆ ಬೋರಯ್ಯನ ಗಂಟಲಿಗೆ ಮುಳ್ಳು ಸಿಕ್ಕಿಕೊಂಡಿತು.

ಯಾಕೆಂದರೆ ಬೋರಯ್ಯನ ಕಬ್ಬಿನ ಗದ್ದೆಗೆ ಇದ್ದದ್ದು ಅದೊಂದೇ ಗಾಡಿದಾರಿ, ಪುಟ್ಟಸ್ವಾಮಿಯ ಗದ್ದೆಯ ಅಂಚಿನಲ್ಲಿ. ಹಿಂದೆ ನಾಲೆ, ಅದಕ್ಕೆ ಸೇತುವೆ ಇಲ್ಲ. ಎರಡು ಪಕ್ಕ ಕೆಸರಿನ ಭತ್ತದ ಗದ್ದೆ. ಪುಟ್ಟಸ್ವಾಮಿಯ ತಾತನ ಕಾಲದಿಂದ ಎತ್ತಿನಗಾಡಿ, ಆಮೇಲೆ ಟ್ರಾಕ್ಟರು ಹೋಗುತ್ತಿದ್ದ ಆ ದಾರಿ ಯಾವ ನಕ್ಷೆಯಲ್ಲೂ ಇಲ್ಲ. ಊರಿಗೆಲ್ಲ ಗೊತ್ತಿದ್ದದ್ದನ್ನು ಯಾರೂ ಮ್ಯಾನೇಜರಿಗೆ ಹೇಳಲಿಲ್ಲ. ಎಲ್ಲರಿಗೂ ಗೊತ್ತಿರುವುದನ್ನು ಹೇಳುವ ಹುಚ್ಚ ಯಾರು? ಬೇಲಿ ಆ ದಾರಿಯ ಬಾಯಿಗೆ ಅಡ್ಡವಾಗಿ ನಿಂತಿತು. ಕಬ್ಬು ಕಟಾವಿಗೆ ಬರುತ್ತಿತ್ತು. ಸಕ್ಕರೆ ಫ್ಯಾಕ್ಟ್ರಿಯ ಕಟಾವಿನ ಆರ್ಡರು ಬಂದ ಮೇಲೆ ಕಡಿದ ಕಬ್ಬು ಗದ್ದೆಯಲ್ಲೇ ಉಳಿದರೆ ಒಣಗಿ ಸೌದೆಯಾಗುತ್ತದೆ.

"ಅಪ್ಪಾ, ನಾನೋಗಿ ಕೇಳ್ಬುಟ್ಟು ಬರ್ಲಾ?" ಅಂದ ಮಗ ದಿಲೀಪ್.

"ಏನಂತ ಕೇಳೀಯ್ಲಾ?"

"ದಾರಿ ಬುಡಿ ಸಾರ್ ಅಂತ."

ಬೋರಯ್ಯನಿಗೆ ರೇಗಿತು. "ಕೇಳುದ್ರೆ ಅದು ನಮ್ದಲ್ಲ ಅಂತ ನಾವೇ ಒಪ್ಕಂಡಂಗೆ ಕಣ್ಲಾ. ನಮ್ಮ ದಾರೀನ ನಾವೇ ಬಿಕ್ಸೆ ಬೇಡದಾ? ಅವ್ನಾಗಿ ಅವ್ನು ಬುಡ್ಬೇಕು. ಬುಡಸ್ತೀನಿ ನೋಡ್ತಿರು."

ಹೀಗೆ ಮೊದಲ ಸಲ ಹೋದ. ವರಾಂಡದಲ್ಲಿ ಪೇಪರು ಓದುತ್ತಿದ್ದ ಶಿವಶಂಕರ್ ಎದ್ದು ನಿಂತು, ನಗುತ್ತಾ, "ಬರ್ರಿ ಬೋರಯ್ಯನವರ, ಕುಂಡ್ರಿ. ಹೇಳ್ರಿ, ಏನ್ ಕೆಲಸಿತ್ತು?" ಅಂದ.

ಬೋರಯ್ಯನ ಮುಖ ಸುಟ್ಟ ಬದನೆಕಾಯಿ ಆಯಿತು. ಇನ್ನೂ ಕೂತಿಲ್ಲ, ಬೆವರು ಒರೆಸಿಕೊಂಡಿಲ್ಲ, ಆಗಲೇ ಏನ್ ಕೆಲಸ ಅಂತೆ! ನಾಯಿಯನ್ನಾದರೂ ಇಷ್ಟು ಬೇಗ ಅಟ್ಟುತ್ತಾರಾ? ಪಾಪ, ಮ್ಯಾನೇಜರಿಗೆ ಅದರ ಗಾಳಿಗಂಧವೂ ಇಲ್ಲ. ಮೂವತ್ತು ವರ್ಷ ಮೇಜಿನ ಆಚೆ ಕೂತವರಿಗೆಲ್ಲ ಅದೇ ಪ್ರಶ್ನೆ ಕೇಳಿ ಬದುಕಿದವನು. ಬಂದವರನ್ನು ಕಾಯಿಸದೆ ವಿಷಯ ಕೇಳುವುದೇ ಅವನ ಪಾಲಿನ ಮರ್ಯಾದೆ.

"ಕೆಲ್ಸ ಏನಿಲ್ಲ ಸಾರ್, ಸುಮ್ಕೆ ಬಂದೆ."

"ಭಾಳ ಚಲೋ ಆತು. ಚಾ ಕುಡೀತೀರೇನ್ರಿ?"

"ಬ್ಯಾಡಿ ಸಾರ್, ಈಗ ತಾನೆ ಆಯ್ತು."

"ಆತು ಬಿಡ್ರಿ" ಅಂದ ಮ್ಯಾನೇಜರು, ತನಗೊಂದೇ ಲೋಟ ತಂದುಕೊಂಡು ಎದುರಿಗೇ ಕೂತು ಸೊರ್ ಅಂತ ಕುಡಿದ. ಬೋರಯ್ಯ ನೋಡುತ್ತಾ ಕೂತ. ಬೇಡ ಅಂದರೆ ಬೇಡ ಅಂತ ತಿಳಿಯುವ ಜನವನ್ನು ಅವನು ಈ ಭೂಮಿಯ ಮೇಲೆ ಕಂಡಿರಲಿಲ್ಲ. ಅವನ ಮನೆಯಲ್ಲಿ ಬೇಡ ಅಂದವರ ಕೈಗೆ ಲೋಟ ತುರುಕದೆ ಯಾರನ್ನೂ ಕಳಿಸಿದ್ದಿಲ್ಲ. ಅವಮಾನ ನುಂಗಿಕೊಂಡು, ಕಡೆಗೆ ತನ್ನ ಬತ್ತಳಿಕೆಯ ದೊಡ್ಡ ಬಾಣವನ್ನೇ ಬಿಟ್ಟ. ಬೇಲಿಯ ಕಡೆ ತಿರುಗಿ, ದೀರ್ಘವಾಗಿ ನೋಡಿ, ತಲೆ ಆಡಿಸಿ ಅಂದ:

"ಬೇಲಿ ಭಾಳ ಚೆನ್ನಾಗೈತೆ ಸಾರ್. ಭಾಳ ಬಿಗಿಯಾಗಿ ಆಕ್ಸಿದೀರಿ. ಒಂದ್ ಕೋಳಿಮರೀನೂ ನುಗ್ಗಂಗಿಲ್ಲ."

ಊರಿನ ಯಾರಿಗೇ ಆಗಲಿ ಈ ಮಾತು ಕೆನ್ನೆಗೆ ಹೊಡೆದ ಹಾಗೆ. ಹೀಗೆ ಹೊಗಳಿಸಿಕೊಂಡವನು ರಾತ್ರಿ ನಿದ್ದೆ ಮಾಡದೆ, ಬೆಳಗ್ಗೆ ಎದ್ದು ತಂತಿ ಬಿಚ್ಚುತ್ತಾನೆ. ಶಿವಶಂಕರ್ ಏನು ಮಾಡಿದ? ಮುಖ ಅರಳಿಸಿಕೊಂಡು, ಕಂಬ ಎಲ್ಲಿಂದ ತರಿಸಿದೆ, ತಂತಿ ಯಾವ ದಪ್ಪದ್ದು, ಹಾಕಿದವನು ಎಂಥ ಪ್ರಾಮಾಣಿಕ ಅಂತ ಮಧ್ಯಾಹ್ನದವರೆಗೆ ವಿವರಿಸಿದ. "ನೀವು ರೈತರು. ನೀವು ಚಲೋ ಅದ ಅಂದಿದ್ದು ನನಗ ಸರ್ಟಿಫಿಕೇಟ್ ಇದ್ದಂಗ್ರಿ" ಅಂತ ಕೈ ಕುಲುಕಿಯೂ ಬಿಟ್ಟ.

ಮನೆಗೆ ಬಂದ ಬೋರಯ್ಯ ಹೆಂಡತಿ ಚಿಕ್ಕಬೋರಮ್ಮನಿಗೆ ಹೇಳಿದ: "ಗಟ್ಟಿಪಿಂಡ ಕಣಮ್ಮಿ. ಎಲ್ಲಾ ಅರ್ಥ ಆಗೈತೆ, ಆಗ್ದೇ ಇರೋನಂಗೆ ಆಡ್ತಾವ್ನೆ."

"ಬಾಯ್ಬುಟ್ಟು ದಾರಿ ಅಂದ್ಯಾ?" ಅಂದಳು ಅವಳು, ರಾಗಿ ಹಿಟ್ಟು ಜರಡಿ ಹಿಡಿಯುತ್ತಾ.

"ಬೇಲಿ ಚೆನ್ನಾಗೈತೆ ಅಂದೆ. ಇನ್ನೇನ್ ಅನ್ಬೇಕು?"

"ಅಂಗಾದ್ರೆ ಅವ್ನು ಬೇಲಿ ಚೆನ್ನಾಗೈತೆ ಅಂತ ತಿಳ್ಕಂಡವ್ನೆ" ಅಂದು ಅವಳು ಜರಡಿ ತಟ್ಟಿದಳು. ಹೆಂಗಸಿಗೆ ಇಂಥ ವಿಷಯ ತಿಳಿಯುವುದಿಲ್ಲ ಅಂತ ಬೋರಯ್ಯ ಟವೆಲು ಕೊಡವಿ ಎದ್ದ.

ಮುಂದಿನ ವಾರ ಒಂದು ಚೀಲ ಸೊಗಡವರೆಕಾಯಿ ಹಿಡಿದುಕೊಂಡು ಹೋದ. ಕಾಯಿ ಕೊಟ್ಟವನಿಗೆ ಏನೋ ಬೇಕಾಗಿದೆ ಅಂತ ಎಮ್ಮೆಗೂ ಗೊತ್ತು. ಮ್ಯಾನೇಜರು ಚೀಲ ಇಸಿದುಕೊಂಡು "ಥ್ಯಾಂಕ್ಸ್ ರೀ" ಅಂದ. ಥ್ಯಾಂಕ್ಸಂತೆ! ಆ ಒಂದು ಮಾತಿನಲ್ಲಿ ಚೀಲದ ಕಾಯಿಯ ಋಣ ಕಳೆದು ಕೈ ತೊಳೆದುಕೊಂಡ ಹಾಗೆ ಆಯಿತು. ಬೋರಯ್ಯ ಹಲ್ಲು ಕಚ್ಚಿಕೊಂಡು ಮಾತನ್ನು ಕಬ್ಬಿನ ಹತ್ತಿರಕ್ಕೆ ಎಳೆದ.

"ನಮ್ಮ ಕಬ್ಬು ಬಂದ್ಬುಟ್ಟೈತೆ ಸಾರ್. ಈ ಸಲ ಎಂಗ್ ಸಾಗುಸ್ತೀವೋ, ಆ ದೇವ್ರಿಗೇ ಗೊತ್ತು."

"ಯಾಕ್ರಿ, ಟ್ರ್ಯಾಕ್ಟರ್ ಇಲ್ಲೇನ್ರಿ?"

"ಐತೆ ಸಾರ್."

"ಡ್ರೈವರ್?"

"ಮಗ್ನೇ ಓಡುಸ್ತಾನೆ."

"ಹಂಗಾದ್ರ ಏನ್ ಚಿಂತಿ ಬಿಡ್ರಿ!" ಅಂದ ಶಿವಶಂಕರ್, ಮನಸಾರೆ ಸಮಾಧಾನ ಹೇಳುವ ಧ್ವನಿಯಲ್ಲಿ. ಎರಡು ಪ್ರಶ್ನೆಯಲ್ಲಿ ಬೋರಯ್ಯನ ಕಷ್ಟವನ್ನೆಲ್ಲ ಪರಿಹರಿಸಿದ ತೃಪ್ತಿ ಅವನ ಮುಖದಲ್ಲಿತ್ತು. ಆ ಮುಖಕ್ಕೊಂದು ಬಾರಿಸಬೇಕು ಅನ್ನಿಸಿತು ಬೋರಯ್ಯನಿಗೆ.

ಬಾರಿಸಲಿಲ್ಲ. ಮತ್ತೆ ಹೋದ. ಆಮೇಲೂ ಹೋದ. ಇಲ್ಲೊಂದು ವಿಷಯ ಹೇಳಬೇಕು, ಬೋರಯ್ಯ ಸತ್ತರೂ ಒಪ್ಪದ ವಿಷಯ. ಮ್ಯಾನೇಜರಿನ ಮಾತು ಅವನಿಗೆ ಹಿಡಿಸತೊಡಗಿತ್ತು. ಸಾಲ ಕೇಳಲು ಬಂದವರು ಹೇಳುತ್ತಿದ್ದ ಸುಳ್ಳುಗಳು, ಧಾರವಾಡದ ಮಳೆ, ಹೆಂಡತಿ ಕೊನೆಯ ದಿನಗಳಲ್ಲಿ ಹಸಿಮೆಣಸಿನಕಾಯಿ ರೊಟ್ಟಿ ಬೇಕು ಅಂದದ್ದು, ಡಾಕ್ಟರು ಬೇಡ ಅಂದದ್ದು, ಇವನು ಕೊಡದೆ ಇದ್ದದ್ದು, ಈಗ ಅದನ್ನು ನೆನೆಸಿಕೊಂಡು ಕಣ್ಣು ಒರೆಸಿಕೊಳ್ಳುವುದು. ಊರಿನಲ್ಲಿ ಗಂಡಸರು ಹೆಂಡತಿಯ ವಿಷಯವನ್ನು ಹೀಗೆ ನೇರವಾಗಿ ಮಾತಾಡಿದ್ದನ್ನು ಬೋರಯ್ಯ ಕೇಳಿದವನೇ ಅಲ್ಲ. ನಾಚಿಕೆಯೂ ಆಗುತ್ತಿತ್ತು, ಎದ್ದು ಬರಲು ಮನಸ್ಸೂ ಬರುತ್ತಿರಲಿಲ್ಲ. ಕೆಲವು ಸಂಜೆ ದಾರಿಯ ವಿಷಯ ಎತ್ತಬೇಕು ಅನ್ನುವುದನ್ನೇ ಮರೆತು ಎದ್ದು ಬರುತ್ತಿದ್ದ. ಚಹಾ ಮಾತ್ರ ಅವನಿಗೆ ಅಲ್ಲಿ ಒಂದು ತೊಟ್ಟೂ ಸಿಗಲಿಲ್ಲ. ಇವನು ಬೇಡ ಅನ್ನುವುದನ್ನು ಬಿಡಲಿಲ್ಲ, ಅವನು ಆತು ಬಿಡ್ರಿ ಅನ್ನುವುದನ್ನು ಬಿಡಲಿಲ್ಲ. ಇಬ್ಬರೂ ದೊಡ್ಡ ಬುದ್ಧಿವಂತರು!

ಕಟಾವಿನ ಆರ್ಡರು ಇವತ್ತೋ ನಾಳೆಯೋ ಅನ್ನುವಂತಾದಾಗ ಬೋರಯ್ಯ ಕಡೆಯ ಉಪಾಯಕ್ಕೆ ಕೈ ಹಾಕಿದ. ಪಕ್ಕದವನಿಗೆ ಬುದ್ಧಿ ಹೇಳಬೇಕಾದರೆ ತನ್ನ ದನಕ್ಕೋ ಮಗುವಿಗೋ ಅವನ ಕಿವಿಗೆ ಬೀಳುವ ಹಾಗೆ ಬೈಯುವುದು ಈ ಸೀಮೆಯಲ್ಲಿ ಹಳೆಯ ವಿದ್ಯೆ. ನಾಗಮಂಗಲದ ಸಂತೆಯಲ್ಲಿ ಹೊಸದಾಗಿ ತಂದಿದ್ದ ಎತ್ತೊಂದು ಬೇಲಿಯ ಪಕ್ಕದಲ್ಲೇ ಮಲಗಿ ಮೆಲುಕು ಹಾಕುತ್ತಿತ್ತು. ಬೋರಯ್ಯ ಅದರ ಮುಂದೆ ನಿಂತು ಗಂಟಲು ಹರಿಯುವ ಹಾಗೆ ಶುರುಮಾಡಿದ.

"ನಿನ್ನೆ ಮೊನ್ನೆ ಬಂದೋನು, ಬಂದಂಗೆ ಇರಕ್ಕಾಗಲ್ವಾ? ಅಡ್ಡಡ್ಡಾ ಮಲೀಕಂಡಿದೀಯಲ್ಲ! ತಾತಮುತ್ತಾತನ ಕಾಲ್ದಿಂದ ಓಡಾಡೋರು ಎಲ್ಲಿಂದ ಓಗ್ಬೇಕು? ಕಣ್ಣಿಲ್ವಾ? ಮನ್ಸಾ ಅನ್ನಿಸ್ಕಂಡೋನು ಹಿಂದೆಮುಂದೆ ನೋಡಲ್ವಾ?"

ಎತ್ತು ಕಿವಿ ಅಲ್ಲಾಡಿಸಿತು. ಅದನ್ನು ಮನುಷ್ಯ ಅಂತ ಇದುವರೆಗೆ ಯಾರೂ ಕರೆದಿರಲಿಲ್ಲ. ಆಚೆ ಗದ್ದೆಯಲ್ಲಿ ಕಳೆ ಕೀಳುತ್ತಿದ್ದ ಹೆಂಗಸರಿಗೆ ಎಲ್ಲ ಅರ್ಥವಾಗಿ ಸೆರಗು ಬಾಯಿಗೆ ಅಡ್ಡ ಹಿಡಿದರು. ಶಿವಶಂಕರ್ ಮಾತ್ರ ಗಾಬರಿಯಿಂದ ಬೇಲಿಯ ಹತ್ತಿರ ಓಡಿಬಂದ.

"ಬೋರಯ್ಯನವರ, ಸಿಟ್ಟಿಗೆ ಬರಬ್ಯಾಡ್ರಿ. ಮೂಕ ಪ್ರಾಣಿ ಅದು, ಅದಕ್ಕೇನ್ ತಿಳೀತದ? ನಿಮ್ಮಂಥಾ ದೊಡ್ಡ ಮನಸ್ಸಿನವರು ಹಿಂಗ ಬೈಬಾರದ್ರಿ."

ಬೋರಯ್ಯ ಎತ್ತನ್ನು ಎಬ್ಬಿಸಿಕೊಂಡು ಮನೆಗೆ ಬಂದ. ಆ ಸಂಜೆ ಚಿಕ್ಕಬೋರಮ್ಮನ ನಗು ನಿಲ್ಲಿಸಲು ಅವನಿಂದ ಆಗಲಿಲ್ಲ.

ಎರಡು ದಿನ ಅವನು ಗದ್ದೆಯ ಕಡೆ ತಲೆ ಹಾಕಲಿಲ್ಲ. ಮೂರನೆಯ ದಿನ ಹೋದರೆ, ಅಯ್ಯೋ ಶಿವನೇ, ಶಿವಶಂಕರನ ಬೇಲಿ ಅವನ ಗದ್ದೆಗಷ್ಟೇ ಮುಗಿದಿರಲಿಲ್ಲ. ಬೋರಯ್ಯನ ಕಬ್ಬಿನ ಅಂಚಿಗೂ ಹೊಸ ಕಂಬ, ಹೊಸ ತಂತಿ ಬಂದಿತ್ತು. ಕಾಲುದಾರಿಯಷ್ಟು ಉಳಿದಿದ್ದ ಸಂದಿಯೂ ಮುಚ್ಚಿಹೋಗಿತ್ತು. ಮ್ಯಾನೇಜರು ಕೈ ಒರೆಸಿಕೊಳ್ಳುತ್ತಾ, ಹೊಸ ಬಟ್ಟೆ ತೊಟ್ಟ ಹುಡುಗನ ಹಾಗೆ ನಿಂತಿದ್ದ.

"ನೀವು ಬೇಲಿ ಅಷ್ಟ ಮೆಚ್ಚಿದ್ರಿ. ಹಂದಿ ಬಂದು ನಿಮ್ಮ ಕಬ್ಬು ಹಾಳ ಮಾಡ್ತಾವಂತ ಕೇಳಿದೆ. ನನ್ನ ಕಡಿಂದ ಇರಲಿ ಅಂತ ಹಾಕ್ಸೀನ್ರಿ. ಗೆಳೆಯಾರ ನಡುವ ಇಷ್ಟೂ ಇಲ್ಲಂದ್ರ ಹೆಂಗ್ರಿ?"

ಗೆಳೆಯ ಅಂತ ಯಾರಾದರೂ ಮುಖಕ್ಕೆ ಮುಖ ಕೊಟ್ಟು ಹೇಳುತ್ತಾರಾ! ಬೋರಯ್ಯ ಹೊಸ ಕಂಬವನ್ನು ಕೈಯಿಂದ ಸವರಿದ. ಆಗಲಾದರೂ ಒಂದು ಮಾತು ಅಂದಿದ್ದರೆ ಮುಗಿಯುತ್ತಿತ್ತು. "ಇದ್ಯಾಕೆ ಸಾರ್ ನಿಮಗೆ ತೊಂದ್ರೆ" ಅಂದ. "ತೊಂದ್ರಿ ಏನ್ ಬಂತ್ರಿ" ಅಂದ ಮ್ಯಾನೇಜರು.

ಮಾರನೆಯ ದಿನವೇ ಆರ್ಡರು ಬಂತು. ಬಳ್ಳಾರಿ ಕಡೆಯ ಆಳುಗಳು ಬೆಳಗ್ಗೆಯೇ ಕತ್ತಿ ಹಿಡಿದು, ಭತ್ತದ ಗದ್ದೆಯ ಬದುವಿನ ಮೇಲೆ ಬಂದು, ತಂತಿ ನುಸುಳಿ ಗದ್ದೆಗೆ ಇಳಿದರು. ಮಧ್ಯಾಹ್ನದ ಹೊತ್ತಿಗೆ ಕಡಿದ ಕಬ್ಬು ಬಿಸಿಲಿಗೆ ಬಿದ್ದಿತ್ತು, ದಿಲೀಪ್ ಖಾಲಿ ಟ್ರಾಕ್ಟರನ್ನು ತಂದು ಬೇಲಿಯ ಈಚೆ ನಿಲ್ಲಿಸಿಕೊಂಡು ಅಪ್ಪನ ಮುಖ ನೋಡುತ್ತಿದ್ದ. ಸುದ್ದಿ ತಿಳಿದು ಊರು ಬಂದಿತ್ತು. ಇಷ್ಟು ದಿನ ಮ್ಯಾನೇಜರಿಗೆ ಒಂದು ಮಾತು ಹೇಳದೆ ಇದ್ದ ಊರಿನಲ್ಲಿ ಈಗ ತಮಾಷೆ ನೋಡುವುದನ್ನು ಮಾತ್ರ ಒಬ್ಬರೂ ತಪ್ಪಿಸಿಕೊಳ್ಳಲಿಲ್ಲ. ಯಾರೋ ಹಿಂದಿನಿಂದ, "ಏನ್ ಬೋರಣ್ಣ, ದಾರಿ ಬುಡಸ್ತೀನಿ ಅಂದಿದ್ದೆ?" ಅಂದರು.

ಬೋರಯ್ಯನ ತಾಳ್ಮೆ ಅಲ್ಲಿಗೆ ಹರಿಯಿತು. ಪಂಚೆ ಮೇಲಕ್ಕೆ ಕಟ್ಟಿ, ಬೇಲಿಯ ಕಂಬ ಹಿಡಿದು ಅಲ್ಲಾಡಿಸುತ್ತಾ ಕೂಗಿದ: "ಯಾವನ್ಲಾ ಅವ್ನು ನಮ್ಮ ದಾರಿಗೆ ಬೇಲಿ ಆಕಿರೋನು? ಬಾರ್ಲಾ ಈಚೆಗೆ! ಇವತ್ತು ಒಂದಾಗ್ಲಿ, ಎಲ್ಡಾಗ್ಲಿ!"

ಇದೂ ಒಂದು ಕ್ರಮವೇ. ಹೀಗೆ ಕೂಗಿದರೆ ಆಚೆಯವನೂ ಪಂಚೆ ಕಟ್ಟಿ ಬಂದು, "ಯಾವನ್ಲಾ ಕೇಳೋನು?" ಅನ್ನಬೇಕು. ಇಬ್ಬರೂ ಬೈದಾಡಿ ಸುಸ್ತಾದ ಮೇಲೆ ಹಿರಿಯರು ನಡುವೆ ಬಂದು ಕೂರಿಸಿ, ಕಾಫಿ ತರಿಸಿ, ಸಂಜೆಯೊಳಗೆ ರಾಜಿ ಆಗುತ್ತದೆ. ಎಷ್ಟೋ ಸ್ನೇಹಗಳು ಇಲ್ಲಿ ಹುಟ್ಟಿರುವುದೇ ಹೀಗೆ. ಶಿವಶಂಕರ್ ಕಿಟಕಿಯಿಂದ ಜನರನ್ನೂ ಆಳುಗಳ ಕೈಯ ಕತ್ತಿಯನ್ನೂ ನೋಡಿದ. ನಿನ್ನೆ ಗೆಳೆಯ ಅನ್ನಿಸಿಕೊಂಡವನು ಇವತ್ತು ಕೊಲ್ಲಲು ಬಂದಿದ್ದಾನೆ ಅಂತ ಬೆದರಿ, ಬಾಗಿಲಿಗೆ ಅಗುಳಿ ಹಾಕಿಕೊಂಡು ಪೊಲೀಸರಿಗೆ ಫೋನು ಮಾಡಿದ.

ಬಂದ ದಫೇದಾರ ಹೊಣಕೆರೆ ಕಡೆಯವನು, ಧಾರವಾಡದಲ್ಲೂ ಕೆಲವು ವರ್ಷ ಕೆಲಸ ಮಾಡಿ ಎರಡೂ ಕಡೆಯ ಮಾತು ಬಲ್ಲವನು. ಮ್ಯಾನೇಜರನ್ನು ಈಚೆಗೆ ಕರೆಸಿ, "ಸಾರ್, ಇವ್ರು ದಾರಿ ಬೇಕು ಅಂತಾವ್ರೆ" ಅಂದ.

"ಯಾವ ದಾರಿ?"

ದಫೇದಾರ ತೋರಿಸಿದ. ಶಿವಶಂಕರ್ ಕಬ್ಬನ್ನು ನೋಡಿದ, ಟ್ರಾಕ್ಟರನ್ನು ನೋಡಿದ, ತಾನು ಎಳೆಸಿದ ತಂತಿಯನ್ನು ನೋಡಿದ. ಅವನ ಮುಖ ಬಿಳಿಚಿಕೊಂಡಿತು.

"ಇಷ್ಟಕ್ಕ ಏನ್ರಿ? ಒಯ್ಯಲಿ! ನಾ ಯಾವಾಗ ಒಲ್ಲೆ ಅಂದೀನಿ? ದಿನಾ ಬಂದು ಕುಂಡ್ರತಿದ್ರಲ್ರಿ ಇವರು. ಬೇಲಿ ಚಲೋ ಅದ ಅಂದ್ರು. ಒಂದ್ ದಿನಾನೂ ದಾರಿ ಅಂತ ಕೇಳಲಿಲ್ರಿ!"

ದಫೇದಾರ ಬೋರಯ್ಯನ ಕಡೆ ತಿರುಗಿದ. "ಕೇಳಿದ್ರಾ ಗೌಡ್ರೇ?"

"ಅದ್ನ ಬಾಯ್ಬುಟ್ಟು ಬೇರೆ ಕೇಳ್ಬೇಕಾ ಸಾರ್? ಕಣ್ಣಿದ್ದೋರಿಗೆ ತಿಳಿಯಲ್ವಾ?"

"ತಿಳಿದಿಲ್ವಲ್ಲ. ಈಗ ಕೇಳಿ."

ಸುತ್ತ ನಿಂತಿದ್ದ ಕೆಲವರ ತುಟಿ ಆಗಲೇ ನಗಲು ಸಿದ್ಧವಾಗಿತ್ತು. ಬೋರಯ್ಯ ಒಮ್ಮೆ ಬಿಸಿಲಿನಲ್ಲಿ ಬಿದ್ದ ಕಬ್ಬಿನ ಕಡೆ ನೋಡಿ, ನೆಲಕ್ಕೆ ಮುಖ ಹಾಕಿ, "ದಾರಿ ಬುಡಿ ಸಾರ್" ಅಂದ. ಮಗ ಮೊದಲ ದಿನವೇ ಹೇಳುತ್ತೇನೆ ಅಂದಿದ್ದ ಮಾತು ಅದು. ಹಿಂದೆ ಯಾರೋ ಕಿಸಕ್ಕನೆ ನಕ್ಕರು.

ಶಿವಶಂಕರ್ ಇಕ್ಕಳ ತಂದು ತಾನೇ ತಂತಿ ಕತ್ತರಿಸತೊಡಗಿದ. ದಫೇದಾರ ಪಕ್ಕದಲ್ಲಿ ನಿಂತು ಅವನಿಗೆ ಈ ಸೀಮೆಯ ವಿದ್ಯೆಯನ್ನು ಧಾರೆಯೆರೆದ. "ತಪ್ಪು ತಿಳೀಬೇಡಿ ಸಾರ್. ಇಲ್ಲಿ ಜನ ಹಿಂಗೇ. ಬೇಡ ಅಂದ್ರೆ ಬೇಕು ಅಂತ. ಕೆಲ್ಸ ಏನಿಲ್ಲ ಅಂದ್ರೆ ಕೆಲ್ಸ ಐತೆ ಅಂತ. ಅಂಗೇನಿಲ್ಲ ಅಂದ್ರೆ, ಅಂಗೇ ಐತೆ ಅಂತ." ಮ್ಯಾನೇಜರು ಪಾಠ ಕೇಳುವ ಹುಡುಗನ ಹಾಗೆ ತಲೆ ಆಡಿಸಿದ. ಕಡೆಯ ತಂತಿ ಕತ್ತರಿಸಿದ ಮೇಲೆ ಇಕ್ಕಳ ಹಿಡಿದುಕೊಂಡೇ ಬೋರಯ್ಯನ ಎದುರಿಗೆ ಬಂದು ನಿಂತ.

"ಒಂದ್ ಮಾತು ಕೇಳ್ತೀನ್ರಿ. ಸಿಟ್ಟಿಲ್ಲ ನನಗ. ಇಷ್ಟು ದಿನಾ ನೀವು ನನ್ನ ಮನಿಗೆ ಬರ್ತಿದ್ದದ್ದು ಈ ದಾರೀ ಸಲುವಾಗಿ ಏನ್ರಿ?"

ಅಷ್ಟು ಜನರ ನಡುವೆ, ಅಷ್ಟು ನೇರವಾಗಿ! ಬೋರಯ್ಯನಿಗೆ ಉತ್ತರ ಗೊತ್ತಿತ್ತು. ಮೊದಲು ಹೌದು. ಆಮೇಲೆ ಅಲ್ಲ. ಆಮೇಲೆ ಸಂಜೆಯಾದರೆ ಕಾಲು ತಾನಾಗಿ ಆ ಕಡೆ ಹೋಗುತ್ತಿತ್ತು, ಆ ಸತ್ತ ಹೆಂಗಸಿನ ಮೇಲೆ ಕನಿಕರ ಬರುತ್ತಿತ್ತು, ಇವನ ಮಾತು ಕೇಳದ ದಿನ ಊಟ ಸೇರುತ್ತಿರಲಿಲ್ಲ. ಇದನ್ನೆಲ್ಲ ಹೇಳುವುದು ಹೇಗೆ ಅಂತ ಅವನಿಗೆ ಯಾರೂ ಕಲಿಸಿರಲಿಲ್ಲ. ಮ್ಯಾನೇಜರಿನ ಕಣ್ಣನ್ನೇ ನೋಡುತ್ತಾ, ಜೀವಮಾನದಲ್ಲಿ ಮೊದಲ ಸಲ ಒಂದು ನಿಜವನ್ನು ನೇರವಾಗಿ ಹೇಳಿದ.

"ಅಂಗೇನಿಲ್ಲ ಸಾರ್."

ಶಿವಶಂಕರ್ ದಫೇದಾರನ ಕಡೆ ನೋಡಿದ. ದಫೇದಾರ ನೆಲ ನೋಡಿದ.

"ತಿಳೀತ್ ಬಿಡ್ರಿ" ಅಂದ ಶಿವಶಂಕರ್, ಮೆಲ್ಲಗೆ. "ದಾರಿ ನಿಮ್ಮದ ಅದ, ಯಾವಾಗರ ಒಯ್ರಿ. ಇನ್ನ ಮ್ಯಾಲೆ ಬಂದು ಕುಂಡ್ರೂ ತ್ರಾಸ ತಗೋಬ್ಯಾಡ್ರಿ."

ಒಳಗೆ ಹೋದ. ಈ ಸಲ ಅಗುಳಿ ಹಾಕಿಕೊಂಡ ಸದ್ದು ಬರಲಿಲ್ಲ, ಬಾಗಿಲು ಸುಮ್ಮನೆ ಮುಚ್ಚಿಕೊಂಡಿತು. ದಿಲೀಪ್ ಟ್ರಾಕ್ಟರು ಸ್ಟಾರ್ಟ್ ಮಾಡಿ ಗದ್ದೆಯೊಳಕ್ಕೆ ಬಿಟ್ಟ, ಆಳುಗಳು ಕಬ್ಬು ಹೊತ್ತು ತುಂಬತೊಡಗಿದರು. ಬೋರಯ್ಯ ವರಾಂಡದ ಮೆಟ್ಟಿಲವರೆಗೆ ಹೋದ. ಬಾಗಿಲು ತಟ್ಟಿ "ನಿಜ್ವಾಗ್ಲೂ ಅಂಗೇನಿಲ್ಲ ಸಾರ್" ಅನ್ನಬೇಕು ಅಂದುಕೊಂಡ. ಆ ಮಾತಿಗೂ ಈಗ 'ಅಂಗೇ ಐತೆ' ಅನ್ನುವ ಒಂದೇ ಅರ್ಥ ಅಂತ ಹೊಳೆದು ಕೈ ಕೆಳಗಿಳಿಸಿದ. ಒಳಗಿನವನು ತಾನಾಗಿ ತಿಳಿದುಕೊಂಡು ಈಚೆಗೆ ಬರಬಹುದು ಅಂತ ಲೋಡು ತುಂಬುವವರೆಗೂ ಅಲ್ಲೇ ನಿಂತಿದ್ದ. ಯಾರೂ ಬರಲಿಲ್ಲ.